ಆರು ವರ್ಷಕ್ಕೆ ಬರುವ ದವಡೆ ಹಲ್ಲು ಹಾಲುಹಲ್ಲಲ್ಲ

ಮಾನ್ಯ ಸಂಪಾದಕರೇ,

ನನ್ನ ಮಗನಿಗೆ ಒಂಬತ್ತು ವರ್ಷಕ್ಕೇ ರೂಟ್ ಕೆನಾಲ್ ಮಾಡಿಸಬೇಕಾಯಿತು. ಎಡಗಡೆ ಕೆಳಗಿನ ದವಡೆ ಹಲ್ಲು. ಮಧ್ಯರಾತ್ರಿ ಕೆನ್ನೆ ಹಿಡಿದುಕೊಂಡು ಎದ್ದು ಕೂತು ಅಳುತ್ತಿದ್ದ. ನಾನು ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಲು ಹೇಳಿದೆ. ಹಾಲುಹಲ್ಲು ತಾನೇ, ಬಿದ್ದು ಹೊಸದು ಬರುತ್ತೆ ಬಿಡು ಅಂತ ಮನೆಯಲ್ಲಿ ಎಲ್ಲರೂ ಹೇಳಿದರು, ನಾನೂ ಹಾಗೇ ನಂಬಿದ್ದೆ. ಅದು ಹಾಲುಹಲ್ಲು ಆಗಿರಲೇ ಇಲ್ಲ.

ಮಕ್ಕಳಿಗೆ ಆರು ವರ್ಷದ ಆಸುಪಾಸಿನಲ್ಲಿ ಹಾಲುಹಲ್ಲಿನ ಸಾಲಿನ ಹಿಂದೆ ನಾಲ್ಕು ದೊಡ್ಡ ದವಡೆ ಹಲ್ಲು ಬರುತ್ತವೆ, ಮೇಲೆ ಎರಡು, ಕೆಳಗೆ ಎರಡು. ಮುಂದಿನ ಹಲ್ಲು ಬಿದ್ದರೆ ಮನೆಯವರಿಗೆಲ್ಲ ಗೊತ್ತಾಗುತ್ತದೆ, ಇವು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಸುಮ್ನೆ ಬಂದು ಕೂತಿರುತ್ತವೆ, ಯಾರೂ ನೋಡಿರುವುದಿಲ್ಲ. ಇವು ಜೀವನಪೂರ್ತಿ ಇರಬೇಕಾದ ಹಲ್ಲು. ಇವುಗಳ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗೀರು, ಕುಳಿ ಇರುತ್ತವೆ. ಕೆಲವು ಗೀರು ಬ್ರಶ್ಶಿನ ಒಂದು ಎಳೆಗಿಂತ ಕಿರಿದು. ಬಿಸ್ಕತ್ತಿನ ಹಿಟ್ಟು ಅಲ್ಲಿ ಹೋಗಿ ಕೂತರೆ ಎಷ್ಟು ಉಜ್ಜಿದರೂ ತಳ ಮುಟ್ಟುವುದಿಲ್ಲ. ಹುಳುಕು ಶುರುವಾಗುವುದು ಅಲ್ಲೇ. ನನ್ನ ಮಗನಿಗೂ ಮೊದಲು ಕಂಡಿದ್ದು ಕೂದಲೆಳೆಯಷ್ಟು ಕಪ್ಪು ಗೆರೆ, ಅಷ್ಟೇ.

ಮಗಳ ವಿಷಯದಲ್ಲಿ ಆ ತಪ್ಪು ಮಾಡಲಿಲ್ಲ. ಏಳು ವರ್ಷ ಆದಾಗ ಸೀಲಂಟ್, ಅಂದರೆ ಹಲ್ಲಿನ ಗೀರು ಮುಚ್ಚುವ ತೆಳು ಲೇಪ, ಹಾಕಿಸಿದೆ. ಸೂಜಿ ಇಲ್ಲ, ಕೊರೆಯುವುದಿಲ್ಲ. ಡಾಕ್ಟರು ಹಲ್ಲು ಸ್ವಚ್ಛ ಮಾಡಿ, ಕೆನ್ನೆಗೂ ಹಲ್ಲಿಗೂ ನಡುವೆ ಹತ್ತಿ ಇಟ್ಟು, ನೀಲಿ ಬಣ್ಣದ ಆಮ್ಲದ ಜೆಲ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು ಒಣಗಿಸಿದರು. ಹಲ್ಲು ಸೀಮೆಸುಣ್ಣದ ಹಾಗೆ ಬೆಳ್ಳಗಾಯಿತು. ಆಮೇಲೆ ತೆಳುವಾದ ಅಂಟಿನಂಥದ್ದನ್ನು ಗೀರುಗಳಿಗೆ ಹರಿಸಿ ನೀಲಿ ಬೆಳಕು ಹಿಡಿದರು, ಅದು ಗಟ್ಟಿಯಾಯಿತು. ಒಂದು ಹಲ್ಲಿಗೆ ಕೆಲವೇ ನಿಮಿಷ. ಎಂಜಲು ತಾಗಬಾರದು, ಅದೊಂದೇ ಕಷ್ಟ. ಮಗಳು ಎದ್ದು "ಆಯ್ತಾ, ಇಷ್ಟೇನಾ?" ಅಂತ ಕೇಳಿದಾಗ ನನಗೆ ಅವಳ ಅಣ್ಣನ ಆ ರಾತ್ರಿಗಳು ನೆನಪಾಗಿ ಕಣ್ಣು ತುಂಬಿತು.

ಇದು ಹೊಸ ಪ್ರಯೋಗ ಏನಲ್ಲ. ಹಲ್ಲಿಗೆ ಇಂಥ ಅಂಟು (ರಾಳ) ಹಿಡಿಯುವಂತೆ ಮಾಡುವ ಆಮ್ಲದ ವಿಧಾನವನ್ನು ಅಮೆರಿಕದ ದಂತ ಸಂಶೋಧಕ ಮೈಕೆಲ್ ಬ್ಯುನೊಕೋರ್ 1955ರಲ್ಲೇ ತೋರಿಸಿದ್ದರು. ಸೀಲಂಟ್ ಹಾಕಿದ ಮೊದಲ ಎರಡು ವರ್ಷ ದವಡೆ ಹಲ್ಲಿನ ಹುಳುಕು ಶೇ 80ರಷ್ಟು ತಪ್ಪುತ್ತದೆ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಹಾಕಿಸಿದರೆ ಬ್ರಶ್ ಬೇಡ ಅಂತಲ್ಲ. ಹಲ್ಲು ಹಲ್ಲಿನ ಸಂದಿಗೆ ಇದರ ರಕ್ಷಣೆ ಇಲ್ಲ, ಫ್ಲೋರೈಡ್ ಪೇಸ್ಟಲ್ಲಿ ದಿನಕ್ಕೆ ಎರಡು ಸಲ ಉಜ್ಜಲೇಬೇಕು. ಸೀಲಂಟ್ ಒಂದು ಚೂರು ಎದ್ದುಹೋದರೆ ಮತ್ತೆ ಹಾಕಿಸಬೇಕು.

ನಾನು ಬರೆಯುತ್ತಿರುವುದು ಇದಕ್ಕೆ. ನಮ್ಮ ರಾಜ್ಯದಲ್ಲಿ ದಂತ ಭಾಗ್ಯ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತಾರೆ, ಒಳ್ಳೆಯ ಕೆಲಸ. ಇರುವ ಹಲ್ಲು ಉಳಿಸಲೂ ಅಷ್ಟೇ ಮುತುವರ್ಜಿ ಬೇಕು ಅಲ್ವಾ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಹಲ್ಲನ್ನೂ ನೋಡುತ್ತದೆ. ದಂತ ಕಾಲೇಜುಗಳಂತೂ ನಮ್ಮಲ್ಲಿ ಜಾಸ್ತಿ ಇವೆ, ಶಿಬಿರಗಳನ್ನೂ ಮಾಡುತ್ತವೆ. ಆದರೆ ನಮ್ಮ ಮಗನ ಶಾಲೆಯ ಶಿಬಿರದಲ್ಲಿ ಬಾಯಿ ನೋಡಿ, ಚೀಟಿ ಬರೆದು, ಪೇಸ್ಟ್ ಕೊಟ್ಟು ಕಳಿಸಿದರು. ಕೂಲಿಗೆ ಹೋಗುವ ತಾಯಿ ಆ ಚೀಟಿ ಹಿಡಿದು ಒಂದು ದಿನದ ದುಡಿಮೆ ಬಿಟ್ಟು ಆಸ್ಪತ್ರೆಗೆ ಹೋಗುವುದು ಯಾವಾಗ? ಎರಡನೇ ತರಗತಿ ಮಕ್ಕಳಿಗೂ, ಹನ್ನೆರಡರ ಹೊತ್ತಿಗೆ ಇನ್ನೂ ನಾಲ್ಕು ದವಡೆ ಹಲ್ಲು ಬರುವುದರಿಂದ ಏಳನೇ ತರಗತಿಯವರಿಗೂ, ಅದೇ ಶಾಲೆಯ ಕೋಣೆಯಲ್ಲಿ, ಅದೇ ದಿನ ಸೀಲಂಟ್ ಹಾಕಿ ಕಳಿಸಲಿ. ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ ಇಬ್ಬರೂ ಕೂತು ಇದನ್ನು ಮುಂದಿನ ಶಾಲಾ ವರ್ಷಕ್ಕೇ ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಬ್ಬರು ಮಕ್ಕಳ ತಾಯಿ, ದಾವಣಗೆರೆ