ಮಗಳಿಗೊಂದು ಪತ್ರ: ರಾತ್ರಿ ಪಾಳಿಯ ಆ ಒಂದು ಗಂಟೆ

ಪುಟ್ಟೀ,

ನೀನು ಕಳಿಸಿದ ಕೆಲಸದ ಕರಾರಿನ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ಎರಡು ಸಲ ಓದಿದೆ. ಸಂಬಳದ ಸಾಲಿಗಿಂತ ನನ್ನ ಕಣ್ಣು ನಿಂತದ್ದು ರಾತ್ರಿ ಪಾಳಿಯ ಸಾಲಿನ ಮೇಲೆ. ಸಂಜೆ 5ರಿಂದ ಮರುದಿನ ಬೆಳಗ್ಗೆ 10, ನಡುವೆ ‘ಕ್ಯೂಕೆ’, ಅಂದರೆ ವಿರಾಮ, 60 ನಿಮಿಷ. ಅಂದರೆ ನೀನು ಜಪಾನಿನ ಆ ವೃದ್ಧರ ಆರೈಕೆ ಮನೆಯಲ್ಲಿರುವುದು 17 ಗಂಟೆ, ಸಂಬಳ ಬರುವುದು 16 ಗಂಟೆಗೆ. ಉಳಿದ ಒಂದು ಗಂಟೆ ನಿನ್ನದು. ಅದು ನಿಜಕ್ಕೂ ನಿನ್ನ ಕೈಗೆ ಸಿಗುತ್ತದೋ, ಕಾಗದದ ಮೇಲೆ ಮಾತ್ರ ಇರುತ್ತದೋ ಎನ್ನುವುದನ್ನು ಮೊದಲ ತಿಂಗಳಿಂದಲೇ ನೋಡಿಕೊಳ್ಳಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬುಡದ ವಿಷಯ. ಜಪಾನಿನ ಕಾರ್ಮಿಕ ಮಾನದಂಡ ಕಾಯ್ದೆ 1947ರದ್ದು. ಅದರ 3ನೇ ಕಲಂ ಪ್ರಕಾರ ರಾಷ್ಟ್ರೀಯತೆ ನೋಡಿ ಸಂಬಳದಲ್ಲಾಗಲಿ, ಕೆಲಸದ ವೇಳೆಯಲ್ಲಾಗಲಿ ಭೇದ ಮಾಡುವಂತಿಲ್ಲ. ನೀನು ‘ತೊಕುತೆ ಗಿನೊ’ (ನಿರ್ದಿಷ್ಟ ಕೌಶಲದ ಕೆಲಸಗಾರರ) ವೀಸಾದಲ್ಲಿ ಹೋಗಿರಬಹುದು, ಪಕ್ಕದವಳು ಅಲ್ಲೇ ಹುಟ್ಟಿದವಳಿರಬಹುದು, ಇಬ್ಬರಿಗೂ ಗಂಟೆಯ ಲೆಕ್ಕ ಒಂದೇ. ಹೊರದೇಶದವರಿಗೆ ನಿಯಮ ಬೇರೆ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ವಾಸ್ತವದಲ್ಲಿ ಆಗುವುದೇನೆಂದರೆ, ನಿಯಮ ಗೊತ್ತಿರುವವರಿಗೆ ಒಂದು ರೀತಿ, ಗೊತ್ತಿಲ್ಲದವರಿಗೆ ಇನ್ನೊಂದು ರೀತಿ.

ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆ ಎಂಬ ಮಿತಿ ಇರುವಾಗ 16 ಗಂಟೆ ದುಡಿಸುವುದು ಹೇಗೆ ಸರಿ ಎಂದು ಕೇಳಿದ್ದೆಯಲ್ಲ. ನಿನ್ನ ಕರಾರಿನಲ್ಲಿ ‘ಇಕ್ಕಾಗೆತ್ಸು ತಾನ್ಇ ನೊ ಹೆಂಕೆ ರೋದೋ ಜಿಕಾನ್ ಸೇ’ ಎಂಬ ಉದ್ದನೆಯ ಪದ ಇದೆ, ಅದರಡಿ ಗೆರೆ ಎಳೆದುಕೊ. ತಿಂಗಳ ಲೆಕ್ಕದಲ್ಲಿ ಸರಾಸರಿ ವಾರಕ್ಕೆ 40 ಗಂಟೆ ಮೀರದಿದ್ದರೆ, ಕೆಲವು ದಿನ 8ಕ್ಕಿಂತ ಹೆಚ್ಚು ಹಾಕಬಹುದು ಎಂದು ಅರ್ಥ. 30 ದಿನದ ತಿಂಗಳಲ್ಲಿ ಒಟ್ಟು 171.4 ಗಂಟೆ, 31ರ ತಿಂಗಳಲ್ಲಿ 177.1 ಗಂಟೆ ಮಿತಿ. ಆದರೆ ಇದಕ್ಕೊಂದು ಷರತ್ತಿದೆ. ತಿಂಗಳು ಶುರುವಾಗುವ ಮುಂಚೆಯೇ ಯಾವ ದಿನ ಎಷ್ಟು ಗಂಟೆ ಎಂದು ಶಿಫ್ಟ್ ಪಟ್ಟಿಯಲ್ಲಿ ನಿಗದಿಯಾಗಿರಬೇಕು. ಮಧ್ಯದಲ್ಲಿ ಮನಸ್ಸಿಗೆ ಬಂದಂತೆ ಬದಲಿಸಿ, ಓವರ್‌ಟೈಮ್ ಬರದ ಹಾಗೆ ಹೊಂದಿಸುವುದಕ್ಕೆ ಈ ಪದ್ಧತಿ ಇಲ್ಲ. ಆದ್ದರಿಂದ ಪಟ್ಟಿ ಗೋಡೆಗೆ ಬಂದ ದಿನವೇ ಒಂದು ಫೋಟೋ ತೆಗೆದಿಟ್ಟುಕೊ. ತಿದ್ದಿದ ಪಟ್ಟಿ ಬಂದರೆ ಅದನ್ನೂ ತೆಗೆ. ಎರಡೂ ಇದ್ದರೇ ಲೆಕ್ಕ ಹಾಕಲು ಬರುವುದು. 16 ಗಂಟೆ ಎಂದು ಮೊದಲೇ ಹಾಕಿದ ದಿನ 16 ಮೀರಿದ ಮೇಲಿನದ್ದು ಓವರ್‌ಟೈಮ್. 8 ಅಥವಾ ಅದಕ್ಕಿಂತ ಕಡಿಮೆ ಹಾಕಿದ ದಿನ 8 ಮೀರಿದ ಮೇಲಿನದ್ದು. ಇದಲ್ಲದೆ ವಾರದ್ದು, ಕೊನೆಗೆ ತಿಂಗಳ ಒಟ್ಟಿನದ್ದು ಬೇರೆ ನೋಡಬೇಕು.

ಈಗ ವಿರಾಮಕ್ಕೆ ಬರುತ್ತೇನೆ. 34ನೇ ಕಲಂ ಹೇಳುವುದು ಇಷ್ಟು: 6 ಗಂಟೆ ಮೀರಿ ದುಡಿದರೆ ಕನಿಷ್ಠ 45 ನಿಮಿಷ, 8 ಗಂಟೆ ಮೀರಿದರೆ ಕನಿಷ್ಠ 60 ನಿಮಿಷ. ಇಲ್ಲಿ ‘ಮೀರಿ’ ಎಂಬ ಪದವೇ ಮುಖ್ಯ. ಸರಿಯಾಗಿ 8 ಗಂಟೆ ದುಡಿದ ಹಗಲು ಪಾಳಿಗೆ 45 ನಿಮಿಷ ಸಾಕು. ಅದೇ ದಿನ ಹತ್ತು ನಿಮಿಷ ಹೆಚ್ಚು ನಿಲ್ಲಿಸಿಕೊಂಡರೆ ಇನ್ನೂ 15 ನಿಮಿಷ ವಿರಾಮ ಕೊಡಲೇಬೇಕು, ಅದೂ ಕೆಲಸ ಮುಗಿಯುವುದರೊಳಗೆ. ‘ಬ್ರೇಕ್ ಕೊನೆಗೆ ತಗೊಂಡು ಒಂದು ಗಂಟೆ ಮುಂಚೆ ಮನೆಗೆ ಹೋಗು’ ಎನ್ನುವುದು ಕೇಳಲು ಹಿತವಾದರೂ ಕಾನೂನಿಗೆ ಹೊಂದುವುದಿಲ್ಲ, ವಿರಾಮ ಕೆಲಸದ ನಡುವೆಯೇ ಬರಬೇಕು. ತುಂಡು ತುಂಡಾಗಿ ಕೊಡಲು ಅಡ್ಡಿಯಿಲ್ಲ. ಎಲ್ಲರಿಗೂ ಒಟ್ಟಿಗೇ ಕೊಡಬೇಕೆಂಬ ನಿಯಮ ಆರೋಗ್ಯ, ಆರೈಕೆಯ ಕ್ಷೇತ್ರಕ್ಕೆ ಇಲ್ಲ, ಸರದಿಯಲ್ಲಿ ಹೋಗಬಹುದು. ಇನ್ನೊಂದು ವಿಷಯ ನನಗೆ ಬೇಸರ ತರಿಸುತ್ತದೆ: 8 ಮೀರಿದ ಮೇಲೆ 9 ಆದರೂ 16 ಆದರೂ ಕಾನೂನು ಕೇಳುವ ಕನಿಷ್ಠ ವಿರಾಮ ಅದೇ 60 ನಿಮಿಷ. ನಿನ್ನ ಸಂಸ್ಥೆ ಅಷ್ಟನ್ನೇ ಕೊಟ್ಟಿದೆ. ಅದರಲ್ಲೂ ಕಡಿತವಾದರೆ ನೀನು ಸುಮ್ಮನಿರಬಾರದು.

ವಿರಾಮ ಎಂದರೆ ಪೂರ್ತಿ ಬಿಡುಗಡೆ. ರಾತ್ರಿ 1ರಿಂದ 2 ನಿನ್ನ ಕ್ಯೂಕೆ ಎಂದುಕೊ. ಸಿಬ್ಬಂದಿ ಕೋಣೆಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದೀಯ, ಆದರೆ ನರ್ಸ್ ಕಾಲ್‌ನ ಫೋನು ಕೊರಳಲ್ಲಿ ನೇತಾಡುತ್ತಿದೆ. ಅದು ಬಡಿದರೆ ನೀನೇ ಏಳಬೇಕು, ಆ ಮಹಡಿಯಲ್ಲಿ ಇನ್ನೊಬ್ಬರಿಲ್ಲ. ಹಾಗಿದ್ದರೆ ಆ ಗಂಟೆಯಲ್ಲಿ ಫೋನು ಒಮ್ಮೆಯೂ ಬಡಿಯದಿದ್ದರೂ ಅದು ವಿರಾಮವಲ್ಲ, ಕೆಲಸದ ವೇಳೆ. ಕರೆಗಾಗಿ ಕಾಯುವುದೂ ಕೆಲಸವೇ. ನಿದ್ದೆ ಮಾಡಲು ಬಿಟ್ಟ ವೇಳೆಗೂ ಇದೇ ಮಾತು. 2002ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್, ಕಟ್ಟಡಗಳ ನಿರ್ವಹಣೆ ಮಾಡುವ ಕೆಲಸಗಾರರ ಪ್ರಕರಣದಲ್ಲಿ, ಅಲಾರಂ ಅಥವಾ ಫೋನಿಗೆ ಎದ್ದು ಓಡಬೇಕಾದ ಹೊಣೆ ಇರುವಾಗ ಆ ನಿದ್ದೆಯ ಸಮಯವೂ ಕೆಲಸದ ಸಮಯವೇ ಎಂದು ತೀರ್ಪು ಕೊಟ್ಟಿತು. ಒಬ್ಬಳೇ ಇರುವ ರಾತ್ರಿ ಪಾಳಿಗೆ ಇದು ನೇರವಾಗಿ ತಾಕುತ್ತದೆ. ಹಾಗಾಗಿ ಮೊದಲ ವಾರದಲ್ಲೇ ಕೇಳು: ನನ್ನ ಬ್ರೇಕಿನಲ್ಲಿ ಫೋನು ಯಾರ ಕೈಗೆ ಕೊಡಬೇಕು? ಈ ಪ್ರಶ್ನೆಗೆ ಒಂದು ಹೆಸರು ಸಿಕ್ಕರೆ ವ್ಯವಸ್ಥೆ ಇದೆ ಎಂದರ್ಥ.

ಊಟದ ಹೊತ್ತಿನದ್ದೂ ಹಾಗೆಯೇ. ಅಜ್ಜ ಅಜ್ಜಿಯರಿಗೆ ಉಣ್ಣಿಸುತ್ತಾ, ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ನೋಡುತ್ತಾ ಅವರ ಮೇಜಿನಲ್ಲೇ ನೀನೂ ತುತ್ತು ಹಾಕಿಕೊಂಡರೆ ಅದು ನಿನ್ನ ಊಟದ ವಿರಾಮವಲ್ಲ. ಸಿಬ್ಬಂದಿ ಊಟದ ಬಗ್ಗೆಯೂ ಒಂದು ಮಾತು. ಸಸ್ಯಾಹಾರಿ ಎಂದು ಕಾಣುವ ಸಾರಿನಲ್ಲೂ ಮೀನಿನ ‘ದಾಶಿ’ ಇರುತ್ತದೆ, ನೀನು ತಿನ್ನುವುದಿಲ್ಲ. ತಿನ್ನದ ಊಟಕ್ಕೆ ಸಂಬಳದಲ್ಲಿ ಹಣ ಮುರಿಯುತ್ತಿದ್ದರೆ ನಿಲ್ಲಿಸಲು ಕೇಳು. ತೆರಿಗೆ, ವಿಮೆಯಂಥ ಕಾನೂನಿನ ಕಡಿತಗಳ ಹೊರತು ಬೇರೆ ಯಾವುದನ್ನು ಮುರಿಯಬೇಕಾದರೂ ಸಿಬ್ಬಂದಿ ಪ್ರತಿನಿಧಿಯೊಡನೆ ಲಿಖಿತ ಒಪ್ಪಂದ ಇರಬೇಕು.

ಇನ್ನು ದುಡ್ಡಿನ ಲೆಕ್ಕ. ನಿನ್ನ ಮೂಲ ಸಂಬಳ 1,92,000 ಯೆನ್, ಆರೈಕೆ ಕೆಲಸದ ಭತ್ಯೆ 12,000, ಒಟ್ಟು 2,04,000. ವರ್ಷಕ್ಕೆ 110 ರಜೆ ಎಂದರೆ 255 ದಿನ ಕೆಲಸ. 8ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ 170 ಗಂಟೆ. 2,04,000ವನ್ನು 170ರಿಂದ ಭಾಗಿಸು, ಗಂಟೆಗೆ 1,200 ಯೆನ್. ಇದೇ ನಿನ್ನ ಬುಡದ ಅಂಕಿ. ಬಸ್ ಭತ್ಯೆ, ಕುಟುಂಬ ಭತ್ಯೆ, ಬಾಡಿಗೆಗೆ ತಕ್ಕಂತೆ ಕೊಡುವ ಮನೆ ಭತ್ಯೆ, ಬೋನಸ್ ಇವು ಇದರಲ್ಲಿ ಸೇರುವುದಿಲ್ಲ. ಆದರೆ ಎಲ್ಲರಿಗೂ ಒಂದೇ ಸಮನಾಗಿ ಕೊಡುವ ಕೆಲಸದ ಭತ್ಯೆ ಸೇರಲೇಬೇಕು. ಬರೀ ಮೂಲ ಸಂಬಳವನ್ನು ಭಾಗಿಸಿ ಲೆಕ್ಕ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಬೇಕೆಂದೇ ಮಾಡುವುದೂ ಇರುತ್ತದೆ, ತಿಳಿಯದೆ ಆಗುವುದೂ ಇರುತ್ತದೆ.

ನಮ್ಮ ಕಾರ್ಖಾನೆಗಳಲ್ಲಿ ಓಟಿ ಎಂದರೆ ದುಪ್ಪಟ್ಟು, ಅಲ್ಲಿ ಹಾಗಿಲ್ಲ. ಸಾಮಾನ್ಯ ‘ಜಾಂಗ್ಯೋ’ಗೆ, ಅಂದರೆ ಓವರ್‌ಟೈಮ್‌ಗೆ, ಶೇ. 25 ಹೆಚ್ಚು, ಅಂದರೆ ನಿನಗೆ ಗಂಟೆಗೆ 1,500. ತಿಂಗಳಲ್ಲಿ 60 ಗಂಟೆ ದಾಟಿದ ಮೇಲಿನದಕ್ಕೆ ಶೇ. 50, ಅಂದರೆ 1,800. ಇದು ಸಣ್ಣ ಸಂಸ್ಥೆಗಳಿಗೂ 2023ರ ಏಪ್ರಿಲ್‌ನಿಂದ ಅನ್ವಯ. ರಾತ್ರಿ 10ರಿಂದ ಬೆಳಗಿನ 5ರವರೆಗೆ ದುಡಿದರೆ, ಅದು ನಿನ್ನ ಮಾಮೂಲಿ ಪಾಳಿಯಾದರೂ ಸರಿ, ಗಂಟೆಗೆ ಶೇ. 25 ಮೇಲೆ ಬರಬೇಕು. ನಿನಗೆ 300 ಯೆನ್. 1ರಿಂದ 2 ವಿರಾಮ ಬಿಟ್ಟು 6 ಗಂಟೆಗೆ ರಾತ್ರಿಯೊಂದಕ್ಕೆ 1,800. ಕರಾರಿನಲ್ಲಿ ‘ಯಾಕಿನ್ ತೆಆತೆ’ (ರಾತ್ರಿ ಪಾಳಿಯ ಭತ್ಯೆ) 6,000 ಎಂದಿದೆ. ಆ 6,000ದೊಳಗೆ ಈ 1,800 ಸೇರಿದೆಯೋ, ಇದು ಬೇರೆಯೋ ಎಂದು ಬರವಣಿಗೆಯಲ್ಲಿ ಕೇಳಿ ತಿಳಿದುಕೊ.

ಆ ಒಂದು ಗಂಟೆಯ ವಿರಾಮ ಸಿಗದೇ ಹೋದರೆ ಎಷ್ಟು ನಷ್ಟ ಎಂದು ಇದೇ ಅಂಕಿಯಲ್ಲಿ ನೋಡು. ಅದು 16 ಮೀರಿದ 17ನೇ ಗಂಟೆ, ಜೊತೆಗೆ ಮಧ್ಯರಾತ್ರಿಯದ್ದು. 25ಕ್ಕೆ 25 ಸೇರಿ ಶೇ. 50 ಹೆಚ್ಚು, ಅಂದರೆ 1,800 ಯೆನ್. ತಿಂಗಳಿಗೆ ಐದು ರಾತ್ರಿಯಾದರೆ 9,000, ವರ್ಷಕ್ಕೆ 1,08,000. ಬಾಕಿ ಸಂಬಳ ಕೇಳಲು ಕಾನೂನು ಈಗ ಮೂರು ವರ್ಷ ಕಾಲ ಕೊಡುತ್ತದೆ, ಅಲ್ಲಿಗೆ 3,24,000. ಹಾಗೆಂದು ದುಡ್ಡು ಕೊಟ್ಟುಬಿಟ್ಟರೆ ವಿರಾಮ ಕೊಡದ ತಪ್ಪು ಮುಚ್ಚಿಹೋಗುವುದಿಲ್ಲ. ವಿರಾಮ ಕೊಡದ ಮಾಲೀಕರಿಗೆ 6 ತಿಂಗಳವರೆಗಿನ ಸೆರೆ ಅಥವಾ 3 ಲಕ್ಷ ಯೆನ್‌ವರೆಗಿನ ದಂಡ ಎಂದು ಕಾಯ್ದೆಯಲ್ಲೇ ಇದೆ. ನನಗೆ ನೀನು ಆ ಹೊತ್ತಿನಲ್ಲಿ ಕಾಲು ಚಾಚಿ ಮಲಗುವುದು 1,800 ಯೆನ್‌ಗಿಂತ ಹೆಚ್ಚು.

ವಾರದ ರಜೆಯ ದಿನ ಕರೆದರೆ ಎರಡು ಪದಗಳ ಮೇಲೆ ಗಮನವಿಡು. ವಾರಕ್ಕೊಂದು ಕಡ್ಡಾಯ ರಜೆಯಂದು ದುಡಿದರೆ ಶೇ. 35 ಹೆಚ್ಚು. ‘ಫುರಿಕಾಯೆ’ ಎಂದರೆ ಮುಂಚೆಯೇ ದಿನ ಅದಲುಬದಲು ಮಾಡಿಕೊಳ್ಳುವುದು, ಆಗ ಈ 35 ಬರುವುದಿಲ್ಲ. ‘ದಾಯ್‌ಕ್ಯೂ’ ಎಂದರೆ ದುಡಿಸಿಕೊಂಡ ಮೇಲೆ ಬದಲಿ ರಜೆ ಕೊಡುವುದು, ಆಗ 35 ಕೊಡಲೇಬೇಕು. ದಾಯ್‌ಕ್ಯೂ ಕೊಟ್ಟು ಫುರಿಕಾಯೆ ಎಂದು ಬರೆಯುವ ಕಡೆಗಳಿವೆ.

ಓವರ್‌ಟೈಮ್ ಮಾಡಿಸಲು ‘ಸಾಬುರೊಕು’ ಒಪ್ಪಂದ ಬೇಕು, 36ನೇ ಕಲಂ ಆದ್ದರಿಂದ ಆ ಹೆಸರು. ತಿಂಗಳಿಗೆ 45, ವರ್ಷಕ್ಕೆ 360 ಗಂಟೆ ಸಾಮಾನ್ಯ ಮಿತಿ. ವಿಶೇಷ ಷರತ್ತಿದ್ದರೂ ವರ್ಷಕ್ಕೆ 720 ದಾಟುವಂತಿಲ್ಲ, ರಜೆಯ ಕೆಲಸವೂ ಸೇರಿ ಯಾವ ತಿಂಗಳೂ 100 ಮುಟ್ಟುವಂತಿಲ್ಲ. ಅದಕ್ಕೆ ಸಹಿ ಹಾಕುವ ಸಿಬ್ಬಂದಿ ಪ್ರತಿನಿಧಿಯನ್ನು ಆರಿಸುವಾಗ ನಿನಗೂ ಮತವಿದೆ. ನಿನ್ನ ಜೊತೆ ಭಾಷಾ ತರಗತಿಯಲ್ಲಿದ್ದ ಹುಡುಗಿ ತರಕಾರಿ ತೋಟದ ಕೆಲಸಕ್ಕೆ ಹೋದಳಲ್ಲ, ಅವಳಿಗೆ ಈ ಪತ್ರ ಹಾಗೇ ಕಳಿಸಬೇಡ. ಕೃಷಿಗೆ ದಿನದ 8 ಗಂಟೆ, ವಿರಾಮ, ರಜೆಯ ನಿಯಮಗಳು ಅನ್ವಯಿಸುವುದಿಲ್ಲ, ರಾತ್ರಿಯ ಶೇ. 25 ಮಾತ್ರ ಅನ್ವಯಿಸುತ್ತದೆ. ಅವಳು ತನ್ನ ಕರಾರನ್ನೇ ನೋಡಿಕೊಳ್ಳಬೇಕು.

ಹೆಚ್ಚಿನವರಿಗೆ ಸಮಯ ಸೋರಿಹೋಗುವುದು ಪಾಳಿಯ ಎರಡು ತುದಿಯಲ್ಲಿ. ‘20 ನಿಮಿಷ ಮುಂಚೆ ಬಂದು ದಾಖಲೆ ಓದಿಕೊ’ ಎನ್ನುತ್ತಾರೆ. ಪಾಳಿ ಮುಗಿದ ಮೇಲೆ ಟೈಮ್ ಕಾರ್ಡ್ ಒತ್ತಿ ಬಂದು ‘ಕಿರೊಕು’ (ಆರೈಕೆಯ ದಾಖಲೆ) ಬರೆಯುತ್ತಾರೆ, ‘ಮೋಶಿಒಕುರಿ’ (ಮುಂದಿನ ಪಾಳಿಯವರಿಗೆ ವರದಿ) ಹೇಳುತ್ತಾರೆ. ಸಂಸ್ಥೆ ಹೇಳಿ ಮಾಡಿಸಿದ್ದೆಲ್ಲ ಕೆಲಸ. ಅಲ್ಲೇ ಹಾಕಿಕೊಳ್ಳಲೇಬೇಕಾದ ಸಮವಸ್ತ್ರ ಬದಲಿಸುವ ಸಮಯ, ಬರಲೇಬೇಕಾದ ತರಬೇತಿ, ಕೊನೆಯ ಒರೆಸುವ ತೊಳೆಯುವ ಕೆಲಸ ಎಲ್ಲ ಸೇರಿತು. ದಿನದಿನದ ಲೆಕ್ಕವನ್ನು 15 ನಿಮಿಷದ ತುಂಡು ಮಾಡಿ ಉಳಿದದ್ದನ್ನು ಹಾರಿಸುವುದೂ ಸಲ್ಲದು, ನಿಮಿಷಕ್ಕೂ ಲೆಕ್ಕವಿದೆ. ತಿಂಗಳ ಒಟ್ಟಿನಲ್ಲಿ ಮಾತ್ರ 30 ನಿಮಿಷಕ್ಕಿಂತ ಕಡಿಮೆಯದನ್ನು ಬಿಟ್ಟು, 30 ಮತ್ತು ಮೇಲಿನದನ್ನು ಒಂದು ಗಂಟೆ ಮಾಡಬಹುದು.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊ. ದಿನಾಂಕ, ಒಳಗೆ ಬಂದ ಹೊತ್ತು, ವಿರಾಮ ಶುರು, ವಿರಾಮ ಮುಗಿದದ್ದು, ನಡುವೆ ಎದ್ದದ್ದು, ಹೊರಟದ್ದು. ‘1:20, ಶೌಚಕ್ಕೆ ಕರೆ, 15 ನಿಮಿಷ’ ಎಂದಷ್ಟು ಸಾಕು. ಅದೇ ರಾತ್ರಿ ಬರೆ, ವಾರದ ಕೊನೆಗೆ ನೆನಪಿನಿಂದ ಬರೆದದ್ದಕ್ಕೆ ತೂಕ ಕಡಿಮೆ. ಅಲ್ಲಿನ ವೃದ್ಧರ ಹೆಸರು, ಕೋಣೆ, ಕಾಯಿಲೆ ಬರೆಯಬೇಡ, ಅವರ ದಾಖಲೆಯ ಫೋಟೋ ಎಂದೂ ತೆಗೆಯಬೇಡ. ಅದು ಅವರ ಮರ್ಯಾದೆಯ ಪ್ರಶ್ನೆ, ನಿನ್ನ ಮೇಲೂ ತಪ್ಪು ಹೊರಿಸಲು ದಾರಿಯಾಗುತ್ತದೆ.

ವಿರಾಮ ತಪ್ಪಿದರೆ ಆ ಬೆಳಗ್ಗೆಯೇ ಮುಖ್ಯಸ್ಥರಿಗೆ ಹೇಳು: ‘ಕ್ಯೂಕೆ ಗಾ ತೊರೆಮಾಸೆನ್ ದೆಶಿತಾ.’ ವಿರಾಮ ತೆಗೆದುಕೊಳ್ಳಲು ಆಗಲಿಲ್ಲ ಎಂದಷ್ಟೇ ಅರ್ಥ, ದೂರಿನ ದನಿ ಇಲ್ಲ. ಜಾಂಗ್ಯೋ ಅರ್ಜಿ ಹೇಗೆ ತುಂಬಬೇಕು ಎಂದು ಕೇಳು. ಬಹಳ ಕಡೆ ಇಷ್ಟಕ್ಕೇ ಸರಿಹೋಗುತ್ತದೆ, ಯಾಕೆಂದರೆ ಯಾರೂ ಹೇಳದೆ ಅದು ಮೇಲಿನವರಿಗೆ ತಿಳಿದಿರುವುದಿಲ್ಲ. ಎರಡು ಮೂರು ಸಲ ಹೇಳಿಯೂ ಬದಲಾಗದಿದ್ದರೆ, ಮೂರು ತಿಂಗಳಿಗೊಮ್ಮೆ ನಡೆಯುವ ಬೆಂಬಲ ಸಂಸ್ಥೆಯ ಭೇಟಿಯಲ್ಲಿ ನೋಟ್‌ಬುಕ್ ತೋರಿಸು. ಅಲ್ಲೂ ಆಗದಿದ್ದರೆ ‘ರೋಕಿಶೊ’, ಕಾರ್ಮಿಕ ತನಿಖಾ ಕಚೇರಿ. ಕರಾರು, ಸಂಬಳದ ಚೀಟಿ, ಶಿಫ್ಟ್ ಫೋಟೋ, ನೋಟ್‌ಬುಕ್ ನಾಲ್ಕನ್ನೂ ಒಯ್ಯು. ವಿದೇಶಿ ಕಾರ್ಮಿಕರಿಗೆ ಸರಕಾರದ ದೂರವಾಣಿ ಸಲಹೆ ಇಂಗ್ಲಿಷಿನಲ್ಲೂ ಸಿಗುತ್ತದೆ. ನನ್ನ ಹೆಸರು ಹೇಳಬೇಡಿ ಎಂದು ಕೇಳಿಕೊಳ್ಳಬಹುದು. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವುದನ್ನು 104ನೇ ಕಲಂ ನಿಷೇಧಿಸುತ್ತದೆ. ಮಧ್ಯೆ ಬಿಟ್ಟರೆ ದಂಡ ಕಟ್ಟಬೇಕೆಂದು ಮೊದಲೇ ಬರೆಸಿಕೊಳ್ಳುವುದು 16ನೇ ಕಲಂ ಪ್ರಕಾರ ಸಲ್ಲದು. ನಿನ್ನ ವೀಸಾದಲ್ಲಿ ಇದೇ ಆರೈಕೆ ಕ್ಷೇತ್ರದ ಇನ್ನೊಂದು ಕಡೆಗೆ ಬದಲಾಯಿಸಲೂ ಬರುತ್ತದೆ. ಆದರೆ ಹೊಸ ಅನುಮತಿ ಕೈಗೆ ಬರುವ ತನಕ ಅಲ್ಲಿ ಕೆಲಸ ಶುರುಮಾಡಬಾರದು, ಅದನ್ನು ಮಾತ್ರ ಮರೆಯಬೇಡ.

ಮೊದಲ ಪೂರ್ತಿ ತಿಂಗಳ ಸಂಬಳದ ಚೀಟಿ ಬಂದ ದಿನ ಫೋಟೋ ಕಳಿಸು, ಶಿಫ್ಟ್ ಪಟ್ಟಿಯನ್ನೂ ಜೊತೆಗಿಡು. ‘ಶಿನ್ಯಾ’ (ತಡರಾತ್ರಿಯ ಕೆಲಸ) ಎಂಬ ಸಾಲಿನಲ್ಲಿ ಎಷ್ಟು ಗಂಟೆ ಬರೆದಿದ್ದಾರೆ ಎಂಬುದನ್ನು ಮೊದಲು ನೋಡೋಣ. ಭಾನುವಾರ ನಿನಗೆ ರಾತ್ರಿ ಪಾಳಿ ಇಲ್ಲದಿದ್ದರೆ ಇಬ್ಬರೂ ಕೂತು ಲೆಕ್ಕ ಹಾಕೋಣ. ಚಟ್ನಿಪುಡಿ ಪಾರ್ಸೆಲ್‌ಗೆ ಹಾಕಿದ್ದೇನೆ.

ಇಂತಿ,
ಅಮ್ಮ