ಮುಂಗುಸಿ ಬಂದಿರಲಿಲ್ಲ, ಶೀನ

ಪ್ರೀತಿಯ ಶೀನ,

ನೀನು ಫೋನಿನಲ್ಲಿ ಕೇಳಿದಾಗಲೆಲ್ಲ "ಮರಿಗಳು ಚೆನ್ನಾಗಿವೆ ಮಾರಾಯ" ಎಂದು ಮಾತು ಬದಲಿಸುತ್ತಿದ್ದೆ. ಈಗ ಕೂತು ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುತ್ತಿರುವುದು ಯಾಕೆಂದರೆ, ಈ ಮಳೆಯಲ್ಲಿ ಹಿತ್ತಲಲ್ಲಿ ಕೋಳಿ ಮರಿ ಇಟ್ಟುಕೊಂಡವರು ನಮ್ಮ ಪರಿಚಯದಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರಿಗೂ ಗೊತ್ತಾಗಲಿ.

ನಿಮ್ಮಮ್ಮ ಕೊಟ್ಟ 15 ಮೊಟ್ಟೆಯಲ್ಲಿ 13 ಮರಿ ಆದವು. ಕರಿ ಹೇಂಟೆ ಕಾವಿಗೆ ಕೂತರೆ ಹೇಗೆ ಕೂರುತ್ತದೆ ಅಂತ ನಿನಗೆ ಗೊತ್ತಲ್ಲ. ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ಮತ್ತೆ 20 ಗಿರಿರಾಜ ಮರಿ ತಂದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಿತ್ತಲಿಗೆಂದೇ ಬೆಳೆಸಿದ ತಳಿ, ಗಟ್ಟಿ ಜಾತಿ. ಅದರಲ್ಲಿ ನಾಲ್ಕನ್ನು ನಿಮ್ಮಮ್ಮನಿಗೆ ಕಳಿಸಿದೆ. ಉಳಿದ 29 ಮರಿ, ಮೂರು ದೊಡ್ಡ ಕೋಳಿ, ಎಲ್ಲಾ ಒಂದೇ ಗೂಡಿನಲ್ಲಿ. ಹೊರಗೆ ಬಿಡೋಣ ಎಂದರೆ ಮಳೆ ಹೊಳವಾಗಲೇ ಇಲ್ಲ. ನೀರಿನ ಬಟ್ಟಲಿಗೆ ಮರಿಗಳು ಇಳಿದು, ತುಳಿದು, ಚೆಲ್ಲಿ, ಕೆಳಗಿನ ಭತ್ತದ ಹೊಟ್ಟು ಮುದ್ದೆಯಾಗಿತ್ತು. ನೋಡುತ್ತಿದ್ದೆ. ಬಿಸಿಲು ಬಂದಾಗ ಬದಲಿಸೋಣ ಅಂದುಕೊಳ್ಳುತ್ತಿದ್ದೆ.

ಮರಿಗಳಿಗೆ ನಾಲ್ಕು ವಾರ ತುಂಬಿದಾಗ, ಒಂದು ಶುಕ್ರವಾರ ಸಂಜೆ, ನಾಲ್ಕೈದು ಮರಿ ಗರಿ ಉಬ್ಬಿಸಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ಕೂತಿದ್ದವು. ಚಳಿ ಅಂದುಕೊಂಡೆ. ಬಲ್ಬ್ ಇಳಿಬಿಟ್ಟೆ. ಬಲ್ಬಿನ ಕೆಳಗೂ ಹಾಗೇ ಕೂತವು. ಆ ಬೆಳಕಿನಲ್ಲಿ ಹಿಕ್ಕೆ ಕಂಡಿತು. ಕೆಂಪಗೆ, ಎಲೆಅಡಿಕೆ ಉಗಿದ ಹಾಗೆ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳು ನೋಡುವ ಮೊದಲು ಒಂದು ಹಿಡಿ ಹೊಟ್ಟು ತೆಗೆದು ಅದರ ಮೇಲೆ ಹಾಕಿದೆ.

ಶನಿವಾರ ಬೆಳಿಗ್ಗೆ ಎರಡು ಮರಿ ಸತ್ತಿದ್ದವು. ಗೂಡಿಗೆಲ್ಲ ಫಿನಾಯಿಲ್ ಹಾಕಿದೆ. ಅಂಗಡಿಯಿಂದ ಬಿ ಕಾಂಪ್ಲೆಕ್ಸ್ ಟಾನಿಕ್ ತಂದು ನೀರಿಗೆ ಬೆರೆಸಿದೆ. ಭಾನುವಾರ ಇನ್ನೂ ಐದು ಹೋದವು. ಮಗಳಿಗೆ ಎಣಿಸಲು ಬರುತ್ತದೆ ಶೀನ. ದಿನಾ ಬೆಳಿಗ್ಗೆ ಎಣಿಸುತ್ತಾಳೆ.

ಸೋಮವಾರ ಸತ್ತ ಒಂದು ಮರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಅಲ್ಲೇ ಕೊಯ್ದು ತೋರಿಸಿದರು. ಕೋಳಿಯ ಕರುಳಿನ ಕೊನೆಯ ಹತ್ತಿರ ಎರಡು ಕುರುಡು ಚೀಲ ಇರುತ್ತವೆ. ಅವೆರಡೂ ಊದಿ, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒಳಗೆ ಬರೀ ರಕ್ತ. ಕಾಕ್ಸಿಡಿಯೋಸಿಸ್ ಅಂದರು. ಕೋಳಿ ಸಾಕುವವರ ಬಾಯಲ್ಲಿ ರಕ್ತಭೇದಿ.

ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಐಮೀರಿಯಾ ಎನ್ನುವ ಒಂದೇ ಜೀವಕೋಶದ ಜೀವಿ. ಕೋಳಿಗೆ ಬರುವುದರಲ್ಲೇ ಮುಖ್ಯವಾಗಿ ಏಳು ಬಗೆ ಇವೆ. ರಕ್ತ ಬರಿಸಿ ಹೀಗೆ ಸಾಲಾಗಿ ಕೊಲ್ಲುವುದು ಹೆಚ್ಚಾಗಿ ಟೆನೆಲ್ಲಾ ಎನ್ನುವುದು. 3ರಿಂದ 6 ವಾರದ ಮರಿಗಳ ಮೇಲೇ ಇದರ ಕಣ್ಣು. ದೊಡ್ಡ ಕೋಳಿಗಳು ಏನೂ ಆಗದ ಹಾಗೆ ಓಡಾಡಿಕೊಂಡೇ ಹಿಕ್ಕೆಯಲ್ಲಿ ಅದರ ಮೊಟ್ಟೆಗಳನ್ನು ಬಿಡುತ್ತಿರುತ್ತವೆ. ಬಿದ್ದ ತಕ್ಷಣ ಆ ಮೊಟ್ಟೆಯಿಂದ ರೋಗ ಹತ್ತುವುದಿಲ್ಲ. ತೇವ, ಗಾಳಿ, ಬಿಸಿ ಸಿಕ್ಕರೆ ಒಂದೆರಡು ದಿನದಲ್ಲಿ ಬಲಿಯುತ್ತದೆ. ಬಲಿತದ್ದು ಮರಿಯ ಹೊಟ್ಟೆ ಸೇರಿದರೆ ಸುಮಾರು ಐದನೇ ದಿನಕ್ಕೆ ರಕ್ತ. ಒದ್ದೆ ಹೊಟ್ಟಿನ ಮೇಲೆ ನಾನು ಬಲ್ಬ್ ಇಳಿಬಿಟ್ಟಿದ್ದೆನಲ್ಲ, ಅದಕ್ಕೆ ಬೇಕಾದ್ದನ್ನೇ ಕೊಟ್ಟಿದ್ದೆ.

ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲವಂತೆ, ಬ್ಲೀಚಿಂಗ್ ಪುಡಿಗೂ ಇಲ್ಲ. ಅದರ ಸಿಪ್ಪೆ ಅಷ್ಟು ಗಟ್ಟಿ. ಹೊಟ್ಟು ಪೂರ್ತಿ ಎತ್ತಿ ದೂರ ಹಾಕಬೇಕು. ನೆಲ ಉಜ್ಜಿ, ಕುದಿಯುವ ನೀರು ಸುರಿದು, ಚೆನ್ನಾಗಿ ಒಣಗಿಸಬೇಕು.

ಔಷಧಿ ಆಂಪ್ರೋಲಿಯಂ, 20% ಪುಡಿ. ನಮಗೆ ಹೇಳಿದ್ದು ಲೀಟರ್ ನೀರಿಗೆ 1.2 ಗ್ರಾಂನಂತೆ ಐದು ದಿನ, ಆಮೇಲೆ 0.3 ಗ್ರಾಂನಂತೆ ಒಂದು ವಾರ. ಪುಡಿಯಲ್ಲಿ ಬೇರೆ ಬೇರೆ ಶಕ್ತಿಯದ್ದು ಬರುತ್ತದೆ. ಹಾಗಾಗಿ ಡಾಕ್ಟರನ್ನು ಕೇಳದೆ ನನ್ನ ಲೆಕ್ಕ ಹಿಡಿಯಬೇಡಿ. ದಿನಾ ಹೊಸದಾಗಿ ಬೆರೆಸಬೇಕು, ಬೇರೆ ನೀರು ಎಲ್ಲೂ ಸಿಗಬಾರದು. ಮಂಕಾದ ಮರಿಗಷ್ಟೇ ಅಲ್ಲ, ಚೆನ್ನಾಗಿ ಕಾಣುವ ಮರಿಗಳಿಗೂ ಕೊಡಬೇಕು. ತಾವಾಗಿ ಕುಡಿಯದ ಮೂರು ಮರಿಗೆ ನಾನು ಗಂಟೆಗೊಮ್ಮೆ ಡ್ರಾಪರಿನಲ್ಲಿ ಹಾಕಿದೆ.

ಟಾನಿಕ್ ಬಾಟಲಿ ನೋಡಿ ಡಾಕ್ಟರು ಮೊದಲು ಅದನ್ನು ನಿಲ್ಲಿಸಿ ಅಂದರು. ಆಂಪ್ರೋಲಿಯಂ ನೋಡಲು ವಿಟಮಿನ್ ಬಿ1 ಥರಾನೇ ಇರುತ್ತದೆ. ಆ ಜೀವಿ ಬಿ1 ಅಂದುಕೊಂಡು ಇದನ್ನು ತೆಗೆದುಕೊಂಡು ಉಪವಾಸ ಬೀಳುತ್ತದೆ. ಜೊತೆಗೆ ನಿಜವಾದ ಬಿ1 ಕೊಟ್ಟರೆ ಔಷಧಿ ಕೆಲಸ ಮಾಡುವುದು ಹೇಗೆ? ಟಾನಿಕ್ ಏನಿದ್ದರೂ ಔಷಧಿ ಮುಗಿದ ಮೇಲೆ.

ಶುಕ್ರವಾರವೇ ಬಂದಿದ್ದರೆ ಎಷ್ಟು ಉಳಿಯುತ್ತಿದ್ದವು ಎಂದು ಕೇಳಿದೆ. ರಕ್ತ ಹಾಕಿದವು ಹೋಗಿಯೇ ಬಿಡುತ್ತಿದ್ದವೇನೋ, ಅಷ್ಟರಲ್ಲಿ ಕರುಳು ಹಾಳಾಗಿರುತ್ತದೆ ಅಂದರು. ಉಳಿದವು? ಅದಕ್ಕೆ ಏನೂ ಹೇಳದೆ ಕೈ ತೊಳೆಯಲು ಎದ್ದರು.

ಒಟ್ಟು 11 ಮರಿ ಸತ್ತವು. ಅದರಲ್ಲಿ ಎಂಟು ನಿಮ್ಮಮ್ಮನ ಮೊಟ್ಟೆಯವು.

ಇಲ್ಲಿಗೆ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಇನ್ನೊಂದಿದೆ. ಭಾನುವಾರ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದರು. "ಮರಿ ಹೆಂಗಿದಾವೋ?" ಅಂದರು. "ಮುಂಗುಸಿ ಬಂದಿತ್ತು ಅಮ್ಮ, ಏಳು ಹೊತ್ಕೊಂಡು ಹೋಯ್ತು" ಅಂದುಬಿಟ್ಟೆ. ಯಾಕೆ ಹಾಗೆ ಹೇಳಿದೆ ಗೊತ್ತಿಲ್ಲ. ಮುಂಗುಸಿ ಬಂದರೆ ಯಾರದೂ ತಪ್ಪಲ್ಲ, ಅಲ್ವಾ? ಅವರು ಪಾಪ, ಮಾರನೇ ದಿನವೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಳೇ ಮೀನಿನ ಬಲೆ ಕಳಿಸಿದರು. ಗೂಡಿಗೆ ಸುತ್ತಲೂ ಕಟ್ಟು ಎಂದು. ಆ ಬಲೆಯನ್ನು ಜಗಲಿಯ ಗೂಟಕ್ಕೆ ನೇತು ಹಾಕಿದ್ದೇನೆ. ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳುತ್ತದೆ.

ನನ್ನ ಮನೆಯಿಂದ ಹೋದ ನಾಲ್ಕು ಮರಿ ಅವರ ಗೂಡಿನಲ್ಲಿವೆ ಎನ್ನುವುದು ಹೊಳೆದದ್ದು ಆ ಬಲೆ ನೋಡುವಾಗಲೇ. ನಾನು ಹೊಟ್ಟು ಹಾಕಿ ಮುಚ್ಚಿದ್ದು ಒಂದು ಸಲ ಅಲ್ಲ ಶೀನ. ಎರಡು ಸಲ.

ನಿನ್ನೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, "ಪುಡಿ ಹೆಸರು ಏನಂದೆ? ನಿಧಾನ ಹೇಳು, ಬರ್ಕೊಳ್ತೀನಿ" ಅಂದರು. ಅವರ ಮರಿಗಳು ಈವರೆಗೆ ಆರಾಮಾಗಿವೆ. ಅವರ ಅಂಗಳ ಒಣಗಿರುತ್ತದೆ, ಮರಿಗಳಿಗೆ ಓಡಾಡಲು ಜಾಗ ಇದೆ. ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಹೋದರೆ ಮರಿಯೇ ಅದಕ್ಕೆ ತಡೆಯುವ ಶಕ್ತಿ ಬೆಳೆಸಿಕೊಳ್ಳುತ್ತದೆ. ಒಟ್ಟಿಗೆ ರಾಶಿ ಹೋದರೆ ಮಾತ್ರ ಕಷ್ಟ.

ಈಗ ನೀರಿನ ಬಟ್ಟಲನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಮೇಲೆ ಇಟ್ಟಿದ್ದೇನೆ. ದೊಡ್ಡ ಕೋಳಿ ಬೇರೆ, ಮರಿ ಬೇರೆ. ಬೆಳಿಗ್ಗೆ ಒಂದು ಹಿಡಿ ಹೊಟ್ಟು ತೆಗೆದು ಹಿಂಡಿ ನೋಡುತ್ತೇನೆ. ಉಂಡೆಯಾಗಿ ನಿಂತರೆ ಅವತ್ತೇ ಬದಲಿಸುವುದು. ಉದುರಿದರೆ ಸರಿ. ಮಗಳಿಗೂ ಹಿಂಡುವುದು ಕಲಿಸಿದ್ದೇನೆ. ಹಿಕ್ಕೆ ನೋಡುವುದನ್ನೂ.

ನಿಮ್ಮಮ್ಮನ ಐದು ಮರಿ ಉಳಿದಿವೆ. ಡ್ರಾಪರಿನಲ್ಲಿ ಕುಡಿದ ಮೂರರಲ್ಲಿ ಒಂದು ಈಗ ನನ್ನನ್ನು ಕಂಡರೆ ಬಾಯಿ ತೆರೆದುಕೊಂಡು ಓಡಿ ಬರುತ್ತದೆ. ಹುಂಜ ಆಗುವ ಲಕ್ಷಣ ಇದೆ, ಜುಟ್ಟು ಆಗಲೇ ಕೆಂಪಾಗುತ್ತಿದೆ. ಮಗಳು ಅದಕ್ಕೆ ನಿನ್ನ ಹೆಸರೇ ಇಟ್ಟಿದ್ದಾಳೆ. ದಸರಾಕ್ಕೆ ಬಂದು ನೋಡು. ಬರುವಾಗ ಗೂಡಿಗೆ ಹಾಕಿಕೊಂಡು ಹೋಗಲೆಂದೇ ಚಪ್ಪಲಿ ಒಂದು ಜೊತೆ ಜಾಸ್ತಿ ತಾ. ಯಾಕೆ ಅಂತ ನಿನಗೆ ಗೊತ್ತು.

ಇಂತಿ,
ನಿನ್ನ ಕೊನೇ ಬೆಂಚಿನ ಗೆಳೆಯ