ಹಾಜರಿ ಪುಸ್ತಕದ ಹದಿನೆಂಟನೇ ಹೆಸರು

ಸುಂಟಿಕೊಪ್ಪ
ಭಾನುವಾರ

ಮಗಳೇ,

ನಿನ್ನ ಪತ್ತೇದಾರಿ ಕಾದಂಬರಿಯನ್ನು ಸಿನಿಮಾಕ್ಕೆ ಬರೆದುಕೊಡಲೆಂದು ನೀನು ಅಮ್ಮ ಕಟ್ಟಿಟ್ಟ ಅಕ್ಕಿ ರೊಟ್ಟಿಯನ್ನೂ ಬಿಟ್ಟು ಬೆಂಗಳೂರಿನ ಬಸ್ ಹತ್ತಿದೆ. ಅಂದು ಯಾರು ಏನೆಂದರು ಎಂಬುದು ಇಬ್ಬರಿಗೂ ನೆನಪಿದೆ, ಬಿಡು. ಒಂದು ಮಾತು ಮಾತ್ರ ಚುಚ್ಚುತ್ತಿದೆ: "ನಿಮಗೆ ಬರವಣಿಗೆ ಎಂದರೆ ಹಾಜರಿ ಪುಸ್ತಕವಷ್ಟೇ." ಹೌದಮ್ಮ. ತೋಟದಲ್ಲಿ ಮೂವತ್ತೊಂದು ವರ್ಷ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು. ಈ ಮನೆಯ ಮೊದಲ ರೈಟರ್ ನೀನಲ್ಲ.

ನೀನು ಮೊದಲ ಕೊಲೆ ಮಾಡಿದ್ದೂ ಆ ಪುಸ್ತಕದಲ್ಲೇ. ನಿನಗಾಗ ಎಂಟು ವರ್ಷ. ಕಾಫಿ ಕೊಯ್ಲಿಗೆ ಹದಿನೇಳು ಆಳುಗಳಿದ್ದರು. ಅವರ ಕೆಳಗೆ ನನ್ನದೇ ಅಕ್ಷರದಂತೆ ಬರೆದೆ: "ಮುತ್ತ. ಬಲಗಾಲು ಕುಂಟು." ಶುಕ್ರವಾರದವರೆಗೆ ಹಾಜರಿ ಹಾಕಿ, ಶನಿವಾರದ ಚೌಕದಲ್ಲಿ "ಸತ್ತ. ಕಾಫಿ ಹಣ್ಣು ಸುಲಿಯುವ ಪಲ್ಪರ್ ತೊಟ್ಟಿಯಲ್ಲಿ ಸಿಕ್ಕಿದ" ಎಂದೆ. ಬಟವಾಡೆಯ ದಿನ ಸಾಹುಕಾರರು ಪುಟ ತಿರುವಿ, "ಸತ್ತವನ ಸಂಬಳ ಯಾರ ಜೇಬಿಗೆ, ರೈಟರೇ?" ಎಂದರು. ಅಷ್ಟೂ ಜನರ ಎದುರು. ಮನೆಗೆ ಬಂದವನೇ ಗೆರೆ ಎಳೆಯುವ ರೂಲು ಕೋಲಿನಿಂದ ನಿನಗೆ ಹೊಡೆದೆ. ನೀನು ಅಳಲಿಲ್ಲ. "ಕುಂಟ ಆ ತೊಟ್ಟಿ ಹತ್ತಿದ್ದು ಹೇಗೆಂದು ಯಾರೂ ಕೇಳಲೇ ಇಲ್ಲ" ಎಂದೆ.

ಹೊಡೆದದ್ದು ತಪ್ಪು. ಇಪ್ಪತ್ತಾರು ವರ್ಷ ತಡವಾಗಿ ಹೇಳುತ್ತಿದ್ದೇನೆ. ಆದರೆ ಲೆಕ್ಕದ ಪುಸ್ತಕದಲ್ಲಿ ಬರೆದದ್ದೂ ತಪ್ಪೇ.

ನಿನ್ನ ಕೋಣೆಯ ಪುಸ್ತಕದಲ್ಲಿ ಅಮೆರಿಕದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್‌ನ ಬದುಕಿನ ಕಥೆ ಓದಿದೆ. ಅವನೂ ತೈಲ ಕಂಪನಿಯಲ್ಲಿ ಲೆಕ್ಕ ಬರೆಯಲು ಸೇರಿದವನಂತೆ! 1932ರಲ್ಲಿ ಕೆಲಸ ಹೋಯಿತು. ಮೊದಲ ಪತ್ತೇದಾರಿ ಕಾದಂಬರಿ ಬಂದದ್ದು 1939ರಲ್ಲಿ, ಐವತ್ತು ತುಂಬಿದ ಮೇಲೆ. ಆಮೇಲೆ ಸಿನಿಮಾ. ನಿರ್ದೇಶಕ ಬಿಲ್ಲಿ ವೈಲ್ಡರ್ ಜೊತೆ ಕುಳಿತು 'ಡಬಲ್ ಇಂಡೆಮ್ನಿಟಿ' ಬರೆದಾಗ ಇಬ್ಬರಿಗೂ ಆಗಿಬರಲಿಲ್ಲ, ಆದರೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಇನ್ನೊಬ್ಬ ನಿರ್ದೇಶಕ ಹಿಚ್‌ಕಾಕ್ ಅಂತೂ ಇವನು ಬರೆದುಕೊಟ್ಟದ್ದನ್ನು ಬದಿಗಿಟ್ಟು ಬೇರೆಯವರಿಂದ ಬರೆಸಿದ. ತೆರೆಯ ಮೇಲೆ ಚಾಂಡ್ಲರ್‌ನ ಹೆಸರು ಉಳಿಯಿತು, ಮಾತು ಹೆಚ್ಚೇನೂ ಉಳಿಯಲಿಲ್ಲ. ಅಷ್ಟು ದೊಡ್ಡವನಿಗೇ ಹಾಗಾದರೆ?

ಕರಾರನ್ನು ಎರಡು ಸಲ ಓದು. ಕಾದಂಬರಿಯ ಹಕ್ಕು ಎಷ್ಟು ವರ್ಷಕ್ಕೆ, ಹೆಸರು ಎಲ್ಲಿ ಬರುತ್ತದೆ, ಯಾವ ಕಂತು ಯಾವಾಗ, ಎಲ್ಲವೂ ಕಾಗದದ ಮೇಲಿರಲಿ. ಬಾಯಿಮಾತಿಗೆ ಹಾಜರಿ ಹಾಕಬೇಡ. ರಾತ್ರಿ ಹನ್ನೊಂದರ ನಂತರ ಚರ್ಚೆಗೆ ಕರೆದರೆ ಹೋಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಉಪದೇಶ ಮಾಡಬಾರದೆಂದೇ ಪೆನ್ನು ಹಿಡಿದಿದ್ದೆ, ನೋಡು.

ನಿನ್ನ ಮೂರು ಕಾದಂಬರಿಗಳೂ ನನ್ನ ಲೆಕ್ಕದ ಪುಸ್ತಕಗಳ ಪಕ್ಕದಲ್ಲೇ ಇವೆ. ಎರಡನೆಯದರಲ್ಲಿ ಕೊಲೆಗಾರ ಬೇಗ ಸಿಕ್ಕಿಬಿದ್ದ. ಸಂತೆಯಲ್ಲಿ ಯಾರಿಗೂ ಹಾಗೆ ಹೇಳಿಲ್ಲ.

ಉತ್ತರ ಬರೆಯುವ ಮನಸ್ಸಾದರೆ ಒಂದು ವಿಷಯ ತಿಳಿಸು. ಮುತ್ತನನ್ನು ತೊಟ್ಟಿಯವರೆಗೆ ಹೊತ್ತು ತಂದವರು ಯಾರು?

ಅಪ್ಪ